ಮಹಾಮಾರಿಗೆ ಮದ್ದನ್ನರಸಿದ ಮಹನೀಯ: ವಾಲ್ಡೆಮಾರ್ ಹಾಫ್‌ಕಿನ್

ಮಾನವನ ಬಾಳಿಗೆ ಕಷ್ಟವೆಂಬುದು ಹೊಸತಲ್ಲ. ಕಷ್ಟ ಬಂದೆರಗಿದಾಗ ಮನಸ್ಸು ಹಿಡಿಯುವ ಹಾದಿಗಳು ಮಾತ್ರ ಬೇರೆ ಬೇರೆ. ಕೆಲವರು ಹಣೆಬರಹವನ್ನು ಹಳಿಯುತ್ತ ಕುಳಿತುಕೊಳ್ಳುತ್ತಾರೆ. ಕೆಲವರು ತಪ್ಪು ಯಾರದೆಂದು ಹುಡುಕುವುದರಲ್ಲಿಯೇ ಆಯುಷ್ಯವನ್ನು ಕಳೆಯುತ್ತಾರೆ. ಈಗ ಮಾಡಬೇಕಾದುದೇನು ಎಂಬ ಒಂದೇ ಪ್ರಶ್ನೆಯನ್ನು ಕಣ್ಣ ಮುಂದಿರಿಸಿಕೊಂಡು ಮೌನವಾಗಿ ಕಾರ್ಯಪ್ರವೃತ್ತರಾಗುವವರು ತೀರ ವಿರಳ. ಅಂಥ ವಿರಳರಲ್ಲಿ ಒಬ್ಬರು ವಾಲ್ಡೆಮಾರ್ ಹಾಫ್‌ಕಿನ್. ಹುಟ್ಟಿದ ನಾಡು ರಷ್ಯಾ, ನಂಬಿದ ಧರ್ಮ ಯೆಹೂದಿ ಧರ್ಮ, ದುಡಿದ ನೆಲ ನಮ್ಮ ಭಾರತ. ಅವರ ಜೀವನಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ದೂರದೇಶದ ಈ ಪುರುಷನಿಗೂ ನಮ್ಮ ಸೀಮೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ ಪ್ಲೇಗು ಎಂಬ ಹೆಸರು ಕೇಳಿದರೆ ಸಾಕು, ಊರಿಗೆ ಊರೇ ನಡುಗುತ್ತಿತ್ತು. ಮನೆಯ ಮೂಲೆಯಲ್ಲಿ ಇಲಿ ಸತ್ತು ಬಿದ್ದರೆ ಜನರು ಮನೆಮಾರುಗಳನ್ನು ತೊರೆದು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಕಂಕುಳಲ್ಲಿಯೋ ತೊಡೆಯ ಸಂದಿಯಲ್ಲಿಯೋ ಗಡ್ಡೆ ಎದ್ದವನು ನಾಲ್ಕಾರು ದಿನಗಳಲ್ಲಿ ಕಣ್ಣುಮುಚ್ಚುತ್ತಿದ್ದನು. ಜನರು ಆ ಬೇನೆಯನ್ನು ಪ್ಲೇಗಮ್ಮನೆಂದು ಕರೆದು ಪೂಜಿಸಿದ್ದೂ ಉಂಟು. ಆ ಬೇನೆಗೆ ಮೊಟ್ಟಮೊದಲು ಪರಿಣಾಮಕಾರಿಯಾದ ಲಸಿಕೆಯನ್ನು ಸಿದ್ಧಪಡಿಸಿದವರೇ ಹಾಫ್‌ಕಿನ್. ಅವರ ಲಸಿಕೆಯ ಬಹು ದೊಡ್ಡ ಪರೀಕ್ಷೆಗಳಲ್ಲೊಂದು ನಡೆದದ್ದು ನಮಗೆ ಸಮೀಪದ ಹುಬ್ಬಳ್ಳಿಯಲ್ಲಿ.

ಜನನ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು ಜನಿಸಿದ್ದು 1860ನೆಯ ಇಸವಿಯ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಮೇಲಿರುವ ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ. ಅಂದು ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು; ಇಂದು ಉಕ್ರೇನ್ ದೇಶದಲ್ಲಿದೆ. ರಷ್ಯನ್ ಭಾಷೆಯಲ್ಲಿ ಅವರ ಹೆಸರು ವ್ಲಾದಿಮಿರ್ ಖಾವ್ಕಿನ್. ಯೆಹೂದಿ ಮನೆತನದ ಈ ಬಾಲಕನು ಬೆರ್ದ್ಯಾನ್ಸ್ಕ್ ಎಂಬ ಊರಿನ ಶಾಲೆಯಲ್ಲಿ ಕಲಿತು, 1879ರಲ್ಲಿ ಒಡೆಸ್ಸಾದ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದನು. ಅಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದವರು ಇಲ್ಯಾ ಮೆಚ್ನಿಕೋವ್. ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಆ ಮಹಾವಿಜ್ಞಾನಿಯು ಈ ತರುಣನ ಬುದ್ಧಿಯ ಹೊಳಪನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಸದ್ಗುರುವಿನ ದೃಷ್ಟಿ ಬಿದ್ದ ಶಿಷ್ಯನ ಬಾಳು ಹೇಗೆ ಬೆಳಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಆ ಕಾಲವು ಯೆಹೂದಿಗಳಿಗೆ ಸುಖದ ಕಾಲವಾಗಿರಲಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿಯ ಹತ್ಯೆಯಾದ ಮೇಲೆ ಹಲವು ಪಟ್ಟಣಗಳಲ್ಲಿ ಯೆಹೂದಿಗಳ ಮನೆ, ಅಂಗಡಿಗಳ ಮೇಲೆ ಜನರ ಗುಂಪುಗಳು ಎರಗಿದವು. ಒಡೆಸ್ಸಾದಲ್ಲಿಯೂ ದಂಗೆಯಾಯಿತು. ತಮ್ಮವರನ್ನು ಕಾಪಾಡಲು ಯೆಹೂದಿ ತರುಣರು ಕಟ್ಟಿಕೊಂಡ ರಕ್ಷಣಾ ದಳದಲ್ಲಿ ಹಾಫ್‌ಕಿನ್ ಅವರೂ ಇದ್ದರು. ಅವರು ಗಾಯಗೊಂಡರು, ಬಂಧನಕ್ಕೂ ಒಳಗಾದರು. ಮೆಚ್ನಿಕೋವ್ ಅವರು ನಡುವೆ ಬಂದುದರಿಂದ ಬಿಡುಗಡೆಯಾಯಿತು. ವಿದ್ಯಾಭ್ಯಾಸ ಮುಗಿದ ಮೇಲೆ ಅವರ ಎದುರಿಗೆ ಇನ್ನೊಂದು ಪರೀಕ್ಷೆ ಬಂದಿತು. ಯೆಹೂದಿ ಧರ್ಮವನ್ನು ತೊರೆದು ರಷ್ಯಾದ ಕ್ರೈಸ್ತ ಸಂಪ್ರದಾಯವನ್ನು ಸ್ವೀಕರಿಸಿದರೆ ವಿಶ್ವವಿದ್ಯಾಲಯದಲ್ಲಿ ಉನ್ನತ ಹುದ್ದೆಗೆ ದಾರಿ ತೆರೆಯುತ್ತಿತ್ತು. ಹಾಫ್‌ಕಿನ್ ಒಪ್ಪಲಿಲ್ಲ. ಹುದ್ದೆ ಹೋಯಿತು, ಪಟ್ಟಣದ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಸಣ್ಣ ಕೆಲಸದಲ್ಲಿ ಅವರು ಸಂಶೋಧನೆಯನ್ನು ಮುಂದುವರಿಸಿದರು.

ಇಲ್ಲಿ ಯೆಹೂದಿ ಧರ್ಮದ ಒಂದು ತತ್ತ್ವವನ್ನು ತಿಳಿದುಕೊಳ್ಳುವುದು ಉಚಿತ. ಆ ಧರ್ಮದಲ್ಲಿ ವಾರದ ಏಳನೆಯ ದಿನ ವಿಶ್ರಾಂತಿಯ ದಿನ. ಅಂದು ಯಾವ ಕೆಲಸವನ್ನೂ ಮಾಡಲಾಗದು. ಆ ನಿಯಮವು ಬಹು ಕಟ್ಟುನಿಟ್ಟಾದುದು. ಆದರೆ ಒಂದು ಜೀವ ಅಪಾಯದಲ್ಲಿದ್ದರೆ ಅದನ್ನು ಉಳಿಸುವುದಕ್ಕಾಗಿ ಆ ನಿಯಮವನ್ನೂ ಮೀರಬಹುದು, ಮೀರಲೇಬೇಕು ಎಂದು ಅವರ ಧರ್ಮಶಾಸ್ತ್ರಜ್ಞರು ತೀರ್ಮಾನಿಸಿದ್ದಾರೆ. ಇದಕ್ಕೆ ಅವರ ಹೀಬ್ರೂ ಭಾಷೆಯಲ್ಲಿ ಪಿಕ್ಕೂಆಖ್ ನೆಫೆಶ್ ಎಂದು ಹೆಸರು. ಜೀವರಕ್ಷಣೆಯ ಧರ್ಮವೆಂದು ಅದನ್ನು ಕರೆಯಬಹುದು. ಸಂಕಟವು ಏಕೆ ಬಂದಿತೆಂಬ ಪ್ರಶ್ನೆಗೆ ಉತ್ತರ ದೊರೆಯದೆ ಹೋಗಬಹುದು. ಸಂಕಟದಲ್ಲಿರುವವನಿಗೆ ಕೈಯಾಸರೆ ಕೊಡುವ ಹೊಣೆಯು ಅದರಿಂದ ತಪ್ಪುವುದಿಲ್ಲ. ಶತಮಾನಗಳ ಕಾಲ ನೆಲೆಯಿಲ್ಲದೆ ಅಲೆದ, ಎಷ್ಟೋ ಸಲ ಹಿಂಸೆಗೆ ತುತ್ತಾದ ಒಂದು ಜನಾಂಗವು ನಿರಾಶೆಯಲ್ಲಿ ಮುಳುಗದೆ ಉಳಿದುದಕ್ಕೆ ಈ ದೃಷ್ಟಿಯೂ ಒಂದು ಕಾರಣವೆನ್ನಬಹುದು. ಹಾಫ್‌ಕಿನ್ ಅವರ ಬಾಳು ಈ ತತ್ತ್ವಕ್ಕೆ ಬರೆದ ಭಾಷ್ಯದಂತಿದೆ.

ಪ್ಯಾರಿಸ್ಸಿನಲ್ಲಿ

1888ರಲ್ಲಿ ಅವರು ತಾಯ್ನಾಡನ್ನು ತೊರೆದು ಸ್ವಿಟ್ಜರ್ಲೆಂಡಿನ ಜಿನೀವಾ ನಗರಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಗುರು ಮೆಚ್ನಿಕೋವ್ ಶಿಷ್ಯನನ್ನು ಬರಮಾಡಿಕೊಂಡರು. ಆದರೆ ಆಗ ಖಾಲಿಯಿದ್ದುದು ಗ್ರಂಥಪಾಲಕನ ಹುದ್ದೆಯೊಂದೇ. ಇಷ್ಟು ಕಲಿತವನಿಗೆ ಪುಸ್ತಕ ಜೋಡಿಸುವ ಕೆಲಸವೇ ಎಂದು ಹಾಫ್‌ಕಿನ್ ಮುಖ ಸಿಂಡರಿಸಲಿಲ್ಲ. ಹಗಲು ಪುಸ್ತಕಗಳ ನಡುವೆ ದುಡಿದು, ಬಿಡುವಿನ ವೇಳೆಯನ್ನೆಲ್ಲ ಪ್ರಯೋಗಕ್ಕೆ ಮೀಸಲಿಟ್ಟರು. ದೊರೆಯದ ಸ್ಥಾನಕ್ಕಾಗಿ ಕೊರಗದೆ, ದೊರೆತ ಸ್ಥಾನವನ್ನೇ ಮೆಟ್ಟಿಲಾಗಿಸಿಕೊಳ್ಳುವ ಗುಣ ಅವರಲ್ಲಿ ಹೀಗೆ ಮೊದಲಿನಿಂದಲೂ ಇತ್ತು.

ಆ ಕಾಲದಲ್ಲಿ ವಾಂತಿಭೇದಿಯು, ಎಂದರೆ ಕಾಲರಾ ಬೇನೆಯು, ಏಷ್ಯಾ ಮತ್ತು ಯುರೋಪು ಖಂಡಗಳಲ್ಲಿ ಲಕ್ಷಾಂತರ ಜನರನ್ನು ಆಹುತಿ ತೆಗೆದುಕೊಳ್ಳುತ್ತಿತ್ತು. ಅದರ ರೋಗಾಣುವನ್ನು ಪ್ರಾಣಿಗಳ ದೇಹದಲ್ಲಿ ಬೆಳೆಸಿ, ಅದರ ತೀಕ್ಷ್ಣತೆಯನ್ನು ಕೆಲವೊಮ್ಮೆ ಹೆಚ್ಚಿಸಿ ಕೆಲವೊಮ್ಮೆ ತಗ್ಗಿಸಿ, ಹಾಫ್‌ಕಿನ್ ಎರಡು ಹಂತಗಳ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಮೊದಲು ಮೃದುವಾದ ಚುಚ್ಚುಮದ್ದು, ಕೆಲವು ದಿನಗಳ ಅನಂತರ ತೀವ್ರವಾದುದು. ಮೊಲಗಳ ಮೇಲೆ ಮಾಡಿದ ಪರೀಕ್ಷೆ ಸಫಲವಾಯಿತು. ಇನ್ನು ಮನುಷ್ಯನ ಮೇಲೆ ಪರೀಕ್ಷಿಸಬೇಕು. ಯಾರ ಮೇಲೆ? ಹಾಫ್‌ಕಿನ್ ಬೇರೆ ಯಾರನ್ನೂ ಅರಸಲಿಲ್ಲ. 1892ರ ಜುಲೈ 18ರಂದು ಅವರು ತಮ್ಮ ದೇಹಕ್ಕೇ ಆ ಲಸಿಕೆಯನ್ನು ಚುಚ್ಚಿಸಿಕೊಂಡರು. ಜ್ವರ ಬಂದಿತು, ನೋವಾಯಿತು. ಕೆಲವು ದಿನಗಳಲ್ಲಿ ಎಲ್ಲವೂ ಶಮನವಾಯಿತು. ಅನಂತರವೇ ಅವರ ಮಿತ್ರರು ಅದನ್ನು ಚುಚ್ಚಿಸಿಕೊಂಡರು.

ಭಾರತದ ಕರೆ

ಲಸಿಕೆಯನ್ನು ಪರೀಕ್ಷಿಸಲು ಕಾಲರಾ ನಿತ್ಯವೂ ಇರುವ ದೇಶವೊಂದು ಬೇಕಾಗಿತ್ತು. ಹಿಂದೆ ಭಾರತದ ವೈಸರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರು ಭಾರತಕ್ಕೆ ಹೋಗುವಂತೆ ಸೂಚಿಸಿದರು. 1893ರ ಮಾರ್ಚ್ ತಿಂಗಳಿನಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು. ಅವರು ವೈದ್ಯ ಪದವೀಧರರಲ್ಲ, ಆಂಗ್ಲರೂ ಅಲ್ಲ. ರಷ್ಯಾದಿಂದ ಬಂದ ಯೆಹೂದಿ ಪ್ರಾಣಿಶಾಸ್ತ್ರಜ್ಞ. ಸರಕಾರದ ವೈದ್ಯಾಧಿಕಾರಿಗಳಲ್ಲಿ ಅನೇಕರು ಅವರನ್ನು ಸಂಶಯದಿಂದ ನೋಡಿದರು. ಜನಸಾಮಾನ್ಯರಿಗೋ ಸೂಜಿಯೆಂದರೇ ಭಯ. ಇಂಥ ಸನ್ನಿವೇಶದಲ್ಲಿ ಅವರು ಆಗ್ರಾದಲ್ಲಿ ಕೆಲಸವನ್ನು ಆರಂಭಿಸಿ, ಉತ್ತರ ಭಾರತದ ಊರೂರು ಸುತ್ತಿದರು. ಎರಡೂವರೆ ವರ್ಷಗಳಷ್ಟು ಕಾಲದಲ್ಲಿ 42 ಸಾವಿರ ಜನರಿಗೆ ಲಸಿಕೆ ಹಾಕಲಾಯಿತು. ಬಯಸಿದವರಿಗೆ ಮಾತ್ರ ಹಾಕಬೇಕೆಂಬುದು ಅವರ ನಿಯಮ.

1894ರಲ್ಲಿ ಕಲ್ಕತ್ತೆಯ ಬಡವರ ಕೇರಿಗಳಲ್ಲಿ ಕಾಲರಾ ತಲೆದೋರಿತು. ಚೌಧುರಿ, ಘೋಷ್, ಚಟರ್ಜಿ, ದತ್ತ ಎಂಬ ಭಾರತೀಯ ವೈದ್ಯರು ಹಾಫ್‌ಕಿನ್ ಅವರ ಜೊತೆಗೆ ನಿಂತರು. ಕಟ್ಟಾಲ್ ಬಾಗಾನ್ ಎಂಬ ಕೇರಿಯಲ್ಲಿ ಸುಮಾರು 200 ನಿವಾಸಿಗಳು. ಅವರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ 10 ಜನರಿಗೆ ರೋಗ ತಗಲಿ 7 ಜನ ತೀರಿಕೊಂಡರು. ಆ ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರೇ ಆಗಿದ್ದರು. ಒಂದೇ ಓಣಿ, ಒಂದೇ ಕೆರೆಯ ನೀರು, ಒಂದೇ ಬಡತನ. ಆದರೂ ಒಬ್ಬನು ಉಳಿದನು, ಪಕ್ಕದ ಮನೆಯವನು ಅಳಿದನು. ಹೀಗೆ ಎಣಿಸಿ, ಹೋಲಿಸಿ, ಸತ್ಯವನ್ನು ಸ್ಥಾಪಿಸುವುದು ಹಾಫ್‌ಕಿನ್ ಅವರ ಕ್ರಮವಾಗಿತ್ತು. ದಣಿವು ಮತ್ತು ಮಲೇರಿಯಾ ಜ್ವರಗಳು ಅವರ ದೇಹವನ್ನು ಹಿಂಡಿದುದರಿಂದ 1895ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಚೇತರಿಸಿಕೊಂಡು, ಮರುವರ್ಷ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯ ಒಂದು ಕೋಣೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಹತ್ತಿರದ ಕೇರಿಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ನಗರದ ಅರ್ಧದಷ್ಟು ಜನರು ಗಂಟುಮೂಟೆ ಕಟ್ಟಿ ಊರು ಬಿಟ್ಟು ಓಡಿದರು. ಓಡುವವರೆಲ್ಲ ಹೊರಬೀಳುತ್ತಿದ್ದ ಆ ಅಕ್ಟೋಬರ್ ತಿಂಗಳಿನಲ್ಲಿ ಸರಕಾರದ ಅಪೇಕ್ಷೆಯಂತೆ ಹಾಫ್‌ಕಿನ್ ಆ ನಗರವನ್ನು ಪ್ರವೇಶಿಸಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೋಣೆ, ಒಂದು ಪಡಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಕೊರತೆಗಳ ಪಟ್ಟಿಯನ್ನು ಬರೆದು ಕಳುಹಿಸಿ ಉತ್ತರಕ್ಕಾಗಿ ಕಾಯಬಹುದಾಗಿತ್ತು. ಅವರು ಇದ್ದುದರಲ್ಲಿಯೇ ಮರುದಿನದಿಂದ ದುಡಿಮೆಗೆ ತೊಡಗಿದರು.

ಆ ದುಡಿಮೆಯ ರೀತಿಯು ಕುತೂಹಲಕರವಾದುದು. ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆಯಷ್ಟೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದನು. ಅದನ್ನು ಸಾರಿನಂತಹ ದ್ರವದಲ್ಲಿ ಹೇರಳವಾಗಿ ಬೆಳೆಸಬೇಕು; ಬಳಿಕ ಕಾಯಿಸಿ ಕೊಲ್ಲಬೇಕು; ಸತ್ತ ಆ ರೋಗಾಣುಗಳೇ ದೇಹಕ್ಕೆ ರಕ್ಷಣೆಯನ್ನು ಕಲಿಸುವ ಮದ್ದು. ದ್ರವದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಗುಹೆಯ ಚಾವಣಿಯಿಂದ ಇಳಿಬಿದ್ದ ಸುಣ್ಣದ ಗೊಂಚಲುಗಳಂತೆ ಕೆಳಗೆ ಬೆಳೆಯುವುದನ್ನು ಹಾಫ್‌ಕಿನ್ ಕಂಡುಕೊಂಡರು. ನಮ್ಮ ಅಡಿಗೆಮನೆಯ ತುಪ್ಪವು ಹೀಗೆ ವಿಜ್ಞಾನಕ್ಕೆ ನೆರವಾಯಿತು. ಯುರೋಪಿನಲ್ಲಿ ಇಂತಹ ದ್ರವಕ್ಕೆ ಗೋಮಾಂಸವನ್ನು ಬಳಸುವುದು ವಾಡಿಕೆ. ಈ ನಾಡಿನ ಹಿಂದೂ ಮತ್ತು ಮುಸಲ್ಮಾನರ ಮನಸ್ಸು ನೋಯದಿರಲೆಂದು ಅವರು ದನ ಮತ್ತು ಹಂದಿಗಳ ಮಾಂಸವನ್ನು ವರ್ಜಿಸಿ ಆಡಿನ ಮಾಂಸವನ್ನು ಬಳಸಿದರು. ತನ್ನ ಧರ್ಮಕ್ಕಾಗಿ ಹುದ್ದೆಯನ್ನು ತೊರೆದವನು ಪರರ ಧರ್ಮಭಾವನೆಯನ್ನು ಗೌರವಿಸಿದುದು ಸಹಜವೇ ಆಗಿದೆ.

ಮೂರು ತಿಂಗಳುಗಳ ಅವಿಶ್ರಾಂತ ದುಡಿಮೆಯ ಫಲವಾಗಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅವರು ಮತ್ತೆ ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದರು. ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಹಲವು ಪಾಲು ಹೆಚ್ಚಾದ ಪ್ರಮಾಣವನ್ನು ತಾವು ತೆಗೆದುಕೊಂಡರು. ತೀವ್ರವಾದ ಜ್ವರ, ನೋವುಗಳನ್ನು ಸಹಿಸಿ ಚೇತರಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿದಾಗ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಲಸಿಕೆ ಪಡೆದವರು ಬದುಕಿ ಉಳಿದರು. ಸಾವುಗಳೆಲ್ಲ ಲಸಿಕೆ ಪಡೆಯದವರಲ್ಲಿ ಸಂಭವಿಸಿದವು. ಖೋಜಾ ಸಮಾಜದ ಧರ್ಮಗುರುಗಳಾಗಿದ್ದ ಮೂರನೆಯ ಆಗಾ ಖಾನ್ ಅವರು ತಮ್ಮ ಜನರ ಎದುರಿನಲ್ಲಿಯೇ ಲಸಿಕೆ ಹಾಕಿಸಿಕೊಂಡು, ಸಾವಿರಾರು ಅನುಯಾಯಿಗಳಿಗೆ ಧೈರ್ಯ ತುಂಬಿದರು. ಪ್ರಯೋಗಾಲಯಕ್ಕೆ ತಮ್ಮ ಕಟ್ಟಡವೊಂದನ್ನೂ ಬಿಟ್ಟುಕೊಟ್ಟರು. ಧರ್ಮಗುರುಗಳ ಒಂದು ಆಚರಣೆಯು ನೂರು ಭಾಷಣಗಳಿಗಿಂತ ಮಿಗಿಲಾದುದೆಂಬುದು ಇದರಿಂದ ವೇದ್ಯವಾಗುತ್ತದೆ.

ಅದೇ ವರ್ಷ ಪುಣೆಯಲ್ಲಿ ನಡೆದುದನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿ ಸರಕಾರವು ಸೈನಿಕರನ್ನು ಮನೆಮನೆಗೆ ನುಗ್ಗಿಸಿ, ರೋಗಿಗಳನ್ನು ಬಲವಂತದಿಂದ ಎಳೆದೊಯ್ಯಿಸಿತು. ಜನರ ಕ್ರೋಧ ಭುಗಿಲೆದ್ದು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನಿಗೆ ಗುಂಡು ಹಾರಿಸಲಾಯಿತು. ಅದೇ ಪುಣೆಯಲ್ಲಿ ಪ್ಲೇಗು ತಗಲಿದವರ ಸೇವೆ ಮಾಡುತ್ತ, ಸ್ತ್ರೀಶಿಕ್ಷಣದ ತಾಯಿ ಸಾವಿತ್ರಿಬಾಯಿ ಫುಲೆ ಅವರು ಆ ವರ್ಷದ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ದಂಡದಿಂದ ಸಾಧ್ಯವಾಗದುದು ಸೇವೆ ಮತ್ತು ಒಲುಮೆಗಳಿಂದ ಸಾಧ್ಯವಾಗುತ್ತದೆ.

ಕನ್ನಡ ನಾಡಿನಲ್ಲಿ

1898ರಲ್ಲಿ ಮಹಾಮಾರಿಯು ಧಾರವಾಡ, ಹುಬ್ಬಳ್ಳಿಗಳನ್ನು ಆವರಿಸಿತು. ಹತ್ತಿ ಗಿರಣಿಗಳ, ರೈಲು ಕಾರ್ಖಾನೆಯ ಊರಾದ ಹುಬ್ಬಳ್ಳಿಯ ಜನಸಂಖ್ಯೆ ಆಗ ಸುಮಾರು 50 ಸಾವಿರ. ಅಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿ ಮತ್ತು ಅವರ ಸಹಾಯಕರು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹಾಫ್‌ಕಿನ್ ಲಸಿಕೆಯನ್ನು 35 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ಇಡೀ ಪಟ್ಟಣವೊಂದರ ಬಹುಪಾಲು ಜನರು ಹೀಗೆ ಲಸಿಕೆ ಪಡೆದುದು ಆ ಕಾಲಕ್ಕೆ ಅಪೂರ್ವವಾದ ಘಟನೆ. ವಾರವಾರವೂ ಲೆಕ್ಕವಿಡಲಾಯಿತು. ಲಸಿಕೆ ಪಡೆಯದೆ ಉಳಿದವರಲ್ಲಿ ಸಾವಿನ ಪ್ರಮಾಣವು ಪಡೆದವರಿಗಿಂತ ಅನೇಕ ಪಾಲು ಹೆಚ್ಚಾಗಿದ್ದುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಕನ್ನಡಿಗರ ಈ ಪಟ್ಟಣವು ಹೀಗೆ ಲೋಕದ ವೈದ್ಯಕೀಯ ಚರಿತ್ರೆಯಲ್ಲಿ ಸ್ಥಾನ ಪಡೆಯಿತು.

ರೈಲುಮಾರ್ಗವಾಗಿ ರೋಗವು ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ತಲುಪಿತು. ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನರನ್ನು ಹೊರತರುವುದಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳೆಂಬ ಬಯಲು ಬಡಾವಣೆಗಳು ರೂಪುಗೊಂಡವು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಗೂ ಬೇನೆಯು ಕಾಲಿಟ್ಟಿತು. ಅದೇ ವರ್ಷ ಬರೋಡಾದ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ನಡೆದ ಪರೀಕ್ಷೆಯು ಚಿರಸ್ಮರಣೀಯವಾದುದು. ಅಲ್ಲಿ ಒಂದೊಂದು ಕುಟುಂಬದಲ್ಲಿಯೂ ಅರ್ಧ ಜನರಿಗೆ ಲಸಿಕೆ ಹಾಕಿ ಫಲವನ್ನು ನೋಡಲಾಯಿತು. ಪ್ಲೇಗು ಹೊಕ್ಕ ಕುಟುಂಬಗಳಲ್ಲಿ ಲಸಿಕೆ ಪಡೆಯದ 64 ಜನರ ಪೈಕಿ 27 ಜನರಿಗೆ ರೋಗ ತಗಲಿ 26 ಜನ ತೀರಿಕೊಂಡರು. ಲಸಿಕೆ ಪಡೆದ 71 ಜನರ ಪೈಕಿ 8 ಜನರಿಗೆ ರೋಗ ತಗಲಿ 3 ಜನ ತೀರಿಕೊಂಡರು.

ಈ ಅಂಕೆಗಳನ್ನು ವಿದ್ಯಾರ್ಥಿಗಳು ಎರಡು ಸಲ ಓದಬೇಕು. ಲಸಿಕೆ ಪಡೆದವರಲ್ಲಿಯೂ ಮೂವರು ಸತ್ತರು. ತನ್ನ ಮದ್ದು ಎಲ್ಲರನ್ನೂ ಉಳಿಸುವುದೆಂದು ಹಾಫ್‌ಕಿನ್ ಸಾರಲಿಲ್ಲ. ಅದರ ರಕ್ಷಣೆಯು ಕೆಲವು ತಿಂಗಳುಗಳ ಮಟ್ಟಿನದೆಂಬುದೂ ಅವರಿಗೆ ತಿಳಿದಿತ್ತು. ಎಲ್ಲವೂ ಒಳ್ಳೆಯದಾಗುತ್ತದೆಂದು ಕಣ್ಣುಮುಚ್ಚಿ ನಂಬುವುದನ್ನು ಹಲವರು ಆಶಾವಾದವೆಂದು ತಿಳಿಯುತ್ತಾರೆ. ನಿಜವಾದ ವಿಧಾಯಕ ಮನೋಭಾವವು ಕಣ್ಣು ತೆರೆದುಕೊಂಡೇ ಇರುತ್ತದೆ. ಅದು ಸತ್ತವರನ್ನೂ ಎಣಿಸುತ್ತದೆ, ಉಳಿದವರನ್ನೂ ಎಣಿಸುತ್ತದೆ. ಉಳಿಯುವವರ ಸಂಖ್ಯೆಯನ್ನು ನಾಳೆ ಹೆಚ್ಚಿಸುವ ಬಗೆಯನ್ನು ಚಿಂತಿಸುತ್ತದೆ. 1899ರಲ್ಲಿ ಅವರ ಪ್ರಯೋಗಾಲಯವು ಪರೇಲಿನ ಹಳೆಯ ಸರಕಾರಿ ಭವನಕ್ಕೆ ಸ್ಥಳಾಂತರಗೊಂಡು ಲಕ್ಷಗಟ್ಟಲೆ ಲಸಿಕೆಗಳನ್ನು ತಯಾರಿಸತೊಡಗಿತು.

ಮುಲ್ಕೋವಾಲ್ ದುರಂತ

ಕೀರ್ತಿಯ ಶಿಖರದಲ್ಲಿದ್ದಾಗಲೇ ವಿಪತ್ತು ಬಂದೆರಗಿತು. 1902ರ ಅಕ್ಟೋಬರ್ 30ರಂದು, ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಜನ ಧನುರ್ವಾಯು ರೋಗದಿಂದ ಮರಣಹೊಂದಿದರು. ಆ ಹತ್ತೊಂಬತ್ತು ಜನರಿಗೂ ಒಂದೇ ಸೀಸೆಯ ಮದ್ದನ್ನು ಹಾಕಲಾಗಿತ್ತು. ರಕ್ಷಣೆಗೆಂದು ತೋಳು ಚಾಚಿದವರು ಪ್ರಾಣವನ್ನೇ ಕಳೆದುಕೊಂಡರು. ಇದಕ್ಕಿಂತ ದಾರುಣವಾದುದು ಇನ್ನೇನಿದೆ? ಆ ಬಡ ಕುಟುಂಬಗಳ ದುಃಖವನ್ನು ಯಾವ ವಾದವೂ ಅಳಿಸಲಾರದು.

ಸರಕಾರವು ಮುಂಬಯಿಯ ಮುಖ್ಯ ನ್ಯಾಯಾಧೀಶರ ನೇತೃತ್ವದಲ್ಲಿ ವಿಚಾರಣಾ ಮಂಡಲಿಯನ್ನು ನೇಮಿಸಿತು. ತಯಾರಿಕೆಯನ್ನು ಚುರುಕುಗೊಳಿಸಲು ಹಾಫ್‌ಕಿನ್ ಅವರು ಲಸಿಕೆಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದನ್ನು ಬಿಟ್ಟು, ಶಾಖದಿಂದಲೇ ಶುದ್ಧೀಕರಿಸುವ ಕ್ರಮವನ್ನು ಅನುಸರಿಸಿದ್ದರು. ಪಾಶ್ಚರ್ ಸಂಸ್ಥೆಯಲ್ಲಿ ಆ ಕ್ರಮವು ರೂಢಿಯಲ್ಲಿತ್ತು. ಆದರೂ ದೋಷವು ಪ್ರಯೋಗಾಲಯದಲ್ಲಿಯೇ ಉಂಟಾಗಿರಬೇಕೆಂದು ಮಂಡಲಿಯು ನಿರ್ಣಯಿಸಿತು. ಹಾಫ್‌ಕಿನ್ ಅವರನ್ನು ಅಧಿಕಾರದಿಂದ ದೂರವಿರಿಸಲಾಯಿತು. 1904ರಲ್ಲಿ ಅವರು ಭಾರತವನ್ನು ಬಿಟ್ಟು ಹೋದರು. ಲಸಿಕೆಯ ಮೇಲಿನ ಜನರ ನಂಬಿಕೆಯು ಕುಸಿಯಿತು. ಪಂಜಾಬಿನಲ್ಲಿ ಹಮ್ಮಿಕೊಂಡಿದ್ದ ಲಸಿಕೆಯ ಮಹಾಕಾರ್ಯವು ಮುಗ್ಗರಿಸಿತು. ಇತ್ತ ಪ್ಲೇಗು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. 1907ನೆಯ ಒಂದೇ ವರ್ಷದಲ್ಲಿ ಪಂಜಾಬು ಪ್ರಾಂತದಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು. ತಪ್ಪು ಎಲ್ಲಿ ನಡೆಯಿತೆಂದು ಅರಿಯುವುದು ಅತ್ಯಾವಶ್ಯಕ. ಅರಿತರೆ ತಾನೆ ಅದು ಮರುಕಳಿಸದಂತೆ ತಡೆಯಬಹುದು. ಆದರೆ ಯಾರ ಮೇಲಾದರೂ ಹೊರಿಸಿ ಕೈತೊಳೆದುಕೊಂಡರೆ ದೋಷವೂ ತಿಳಿಯದು, ಪರಿಹಾರವೂ ದೊರೆಯದು.

ಹಾಫ್‌ಕಿನ್ ಅವರು ಕಹಿಯನ್ನು ಕಕ್ಕುತ್ತ ಕೂಡಲಿಲ್ಲ. ಹಾಗೆಂದು ಸುಮ್ಮನೆಯೂ ಇರಲಿಲ್ಲ. ಸಾಕ್ಷ್ಯಗಳನ್ನು ಒಂದೊಂದಾಗಿ ವಿಜ್ಞಾನಿಗಳ ಮುಂದಿಟ್ಟರು. ಸೀಸೆಯನ್ನು ತೆರೆದ ವೈದ್ಯರಿಗೆ ಯಾವ ದುರ್ವಾಸನೆಯೂ ಬಂದಿರಲಿಲ್ಲ. ಧನುರ್ವಾಯುವಿನ ರೋಗಾಣುಗಳು ವಾರಗಟ್ಟಲೆ ಅದರಲ್ಲಿ ಬೆಳೆದಿದ್ದರೆ ಮದ್ದು ನಾರುತ್ತಿತ್ತು. ಆ ದಿನ ಬಿರಡೆ ಕೀಳುವ ಇಕ್ಕಳವು ಸಹಾಯಕನ ಕೈಜಾರಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು. ಮಣ್ಣಿನಲ್ಲಿರುವ ಧನುರ್ವಾಯುವಿನ ಬೀಜವು ಹಾಗೆ ಸೀಸೆಯೊಳಗೆ ಸೇರಿತೆಂಬುದೇ ಹೆಚ್ಚು ಸಂಭವನೀಯವಾಗಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯು ಸಾಕ್ಷ್ಯಗಳನ್ನು ಮರುಪರಿಶೀಲಿಸಿತು. 1907ರ ಜುಲೈ ತಿಂಗಳಿನಲ್ಲಿ ಹೆಸರಾಂತ ಹತ್ತು ವಿಜ್ಞಾನಿಗಳು ಪತ್ರಿಕೆಯಲ್ಲಿ ಹಾಫ್‌ಕಿನ್ ನಿರ್ದೋಷಿಯೆಂದು ಸಾರಿದರು. ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದ, ಬೆಂಗಳೂರಿನಲ್ಲಿಯೂ ಕೆಲಕಾಲ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ ಅವರು ಆ ಹತ್ತು ಜನರಲ್ಲೊಬ್ಬರು. ಅದೇ ವರ್ಷದ ನವೆಂಬರಿನಲ್ಲಿ ಸರಕಾರವು ಅವರನ್ನು ದೋಷಮುಕ್ತಗೊಳಿಸಿ ಮತ್ತೆ ಭಾರತಕ್ಕೆ ಆಹ್ವಾನಿಸಿತು.

ಕೊನೆಯ ದಿನಗಳು

ತಾವೇ ಕಟ್ಟಿದ ಮುಂಬಯಿಯ ಪ್ರಯೋಗಾಲಯದಲ್ಲಿ ಅವರಿಗೆ ಸ್ಥಾನ ಉಳಿದಿರಲಿಲ್ಲ. ಕಲ್ಕತ್ತೆಯ ಒಂದು ಪ್ರಯೋಗಾಲಯವನ್ನು ಕೊಡಲಾಯಿತು; ಅಲ್ಲಿ ಹೆಚ್ಚಿನ ಸೌಕರ್ಯಗಳೂ ಇರಲಿಲ್ಲ, ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶವೂ ಇರಲಿಲ್ಲ. ಮತ್ತೆ ಒಮ್ಮೆ ಗ್ರಂಥಪಾಲಕನಾಗಿದ್ದ ದಿನಗಳಂತೆಯೇ, ದೊರೆತಷ್ಟರಲ್ಲಿ ಕರ್ತವ್ಯ ಸಲ್ಲಿಸುತ್ತ ನಿವೃತ್ತಿಯವರೆಗೆ ದುಡಿದು, ಮೊದಲನೆಯ ಮಹಾಯುದ್ಧದ ಆರಂಭದ ವೇಳೆಗೆ ಯುರೋಪಿಗೆ ಮರಳಿದರು. ಅವರು ಮದುವೆಯಾಗಲಿಲ್ಲ, ಮನೆ, ಆಸ್ತಿಗಳ ಮೋಹಕ್ಕೆ ಒಳಗಾಗಲಿಲ್ಲ.

ವಯಸ್ಸಾದಂತೆ ಅವರ ಧರ್ಮಶ್ರದ್ಧೆಯು ಆಳವಾಯಿತು. 1916ರಲ್ಲಿ ಯೆಹೂದಿ ಸಂಪ್ರದಾಯದ ಆಚರಣೆಗಳನ್ನು ಸಮರ್ಥಿಸಿ ಅವರು ಬರೆದ ಪ್ರಬಂಧವು ವಿದ್ವಾಂಸರ ಗಮನವನ್ನು ಸೆಳೆಯಿತು. ವಿಜ್ಞಾನಕ್ಕೂ ಶ್ರದ್ಧೆಗೂ ಹೊಂದಿಕೆಯಿಲ್ಲವೆಂದು ತಿಳಿಯುವವರಿಗೆ ಅವರ ಬಾಳೇ ಉತ್ತರವಾಗಿದೆ. ತಾವು ಉಳಿಸಿದ್ದ ಹಣವನ್ನು ಪೂರ್ವ ಯುರೋಪಿನ ಬಡ ಯೆಹೂದಿ ವಿದ್ಯಾರ್ಥಿಗಳು ಕಲಿಯುವ ಧಾರ್ಮಿಕ ವಿದ್ಯಾಲಯಗಳಿಗಾಗಿ ಮೀಸಲಿಟ್ಟು, 1929ರಲ್ಲಿ ನಿಧಿಯೊಂದನ್ನು ಸ್ಥಾಪಿಸಿದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರ ಜೀವನಯಾತ್ರೆ ಮುಗಿಯಿತು.

ಅದಕ್ಕೆ ಐದು ವರ್ಷಗಳ ಮೊದಲು, 1925ರಲ್ಲಿ, ಮುಂಬಯಿಯ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆಯೆಂದು ನಾಮಕರಣವಾಗಿತ್ತು. ಅವರನ್ನು ಹೊರಗಿಟ್ಟ ಬಾಗಿಲಿನ ಮೇಲೆಯೇ ಅವರ ಹೆಸರು ಬರೆಯಲ್ಪಟ್ಟಿತು. 1897ರಿಂದ 1925ರವರೆಗೆ ಆ ಪ್ರಯೋಗಾಲಯದಿಂದ ಹೊರಬಂದ ಪ್ಲೇಗು ಲಸಿಕೆಗಳ ಸಂಖ್ಯೆ 2 ಕೋಟಿ 60 ಲಕ್ಷ. 1964ರಲ್ಲಿ ಭಾರತ ಸರಕಾರವು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ನಮಗೆ ದೊರೆಯುವ ಪಾಠ

ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳನ್ನು ನಮಗೆ ಕೊಟ್ಟಿದ್ದಾರೆ. ಕೈಗೆ ಬಂದ ಕೆಲಸವನ್ನು ಮೇಲುಕೀಳೆನ್ನದೆ ಶ್ರದ್ಧೆಯಿಂದ ಮಾಡುವುದು ಕಾಯಕ. ಅದರ ಫಲವನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ಹಾಫ್‌ಕಿನ್ ಅವರು ಈ ಮಾತುಗಳನ್ನು ಕೇಳಿದವರಲ್ಲ. ಆದರೆ ಗ್ರಂಥಾಲಯದ ಕಪಾಟಿನ ಮುಂದೆಯೂ, ಮುಂಬಯಿಯ ಒಂಟಿ ಕೋಣೆಯಲ್ಲಿಯೂ ಅವರು ಮಾಡಿದ್ದು ಕಾಯಕ. ಲಸಿಕೆಯನ್ನು ಮೊದಲು ತನ್ನ ಮೈಗೆ ಚುಚ್ಚಿಸಿಕೊಂಡು ಅನಂತರ ಲೋಕಕ್ಕೆ ಕೊಟ್ಟದ್ದು ದಾಸೋಹ. ಬೇರೆ ನೆಲದಲ್ಲಿ, ಬೇರೆ ಧರ್ಮದಲ್ಲಿ ಹುಟ್ಟಿದ ಸತ್ಪುರುಷರಲ್ಲಿ ನಮ್ಮ ಹಿರಿಯರ ತತ್ತ್ವಗಳೇ ಬೆಳಗುವುದನ್ನು ಕಂಡಾಗ, ಸತ್ಯವು ಒಂದೇ ಎಂಬ ನಂಬಿಕೆಯು ಬಲಗೊಳ್ಳುತ್ತದೆ.

ವಿದ್ಯಾರ್ಥಿ ಮಿತ್ರರೆ, ಪರೀಕ್ಷೆಯಲ್ಲಿ ಸೋತಾಗ, ಮಳೆ ಕೈಕೊಟ್ಟು ಹೊಲ ಒಣಗಿದಾಗ, ಮನೆಯಲ್ಲಿ ರೋಗರುಜಿನ ಬಂದಾಗ ಮನಸ್ಸು ಕುಗ್ಗುವುದು ಸಹಜ. ಆಗ ಈ ಮಹನೀಯರನ್ನು ನೆನೆಯಿರಿ. ಇರುವ ಒಂದು ಕೋಣೆ, ಇರುವ ಮೂವರು ಜೊತೆಗಾರರು, ಇರುವ ಒಂದು ದಿನ. ಇಷ್ಟರಿಂದ ಏನು ಸಾಧ್ಯವೆಂದು ನಿಮ್ಮನ್ನು ನೀವು ಕೇಳಿಕೊಳ್ಳಿರಿ. ತಪ್ಪಾದರೆ ಮರೆಮಾಚದೆ ಅದರ ಮೂಲವನ್ನು ಹುಡುಕಿರಿ. ಅನ್ಯಾಯವಾದರೆ ಸಾಕ್ಷ್ಯವನ್ನು ಮುಂದಿಟ್ಟು ತಾಳ್ಮೆಯಿಂದ ಹೋರಾಡಿರಿ. ಯಾವ ಕಾರಣಕ್ಕೂ ಕೈಯ ಕೆಲಸವನ್ನು ಕೆಳಗಿಡದಿರಿ.

ನಾರದಮುನಿಯ ಸನ್ನಿಧಿಯಿಂದ ಪ್ರಸಿದ್ಧವಾದ ನಮ್ಮ ಚಿಗಟೇರಿಯ ಹೆಸರು ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೂ ಇದೆ. ಈ ಸೀಮೆಯ ತಾಯಂದಿರು ಇಂದು ಹಸುಗೂಸುಗಳನ್ನು ಎತ್ತಿಕೊಂಡು ಹೋಗಿ ನಿರ್ಭಯವಾಗಿ ಲಸಿಕೆ ಹಾಕಿಸಿಕೊಂಡು ಬರುತ್ತಾರೆ. ಇಲಿ ಬಿದ್ದಿತೆಂದು ಊರು ಬಿಟ್ಟು ಓಡುವ ಕಾಲ ಹೋಯಿತು. ಆ ನಿರ್ಭಯದ ಹಿಂದೆ, ತನ್ನ ತೋಳನ್ನು ಮೊದಲು ಚಾಚಿದ ಒಬ್ಬ ಯೆಹೂದಿ ಸಾಧಕರ ಋಣವಿದೆ. ಆ ಋಣವನ್ನು ಪರರ ಕಷ್ಟಕ್ಕೆ ಒದಗುವುದರ ಮೂಲಕ ತೀರಿಸುವ ಸದ್ಬುದ್ಧಿಯನ್ನು ಪರಶಿವನು ನಮ್ಮ ಮಕ್ಕಳೆಲ್ಲರಿಗೂ ಕರುಣಿಸಲಿ.